ಮಗ್ಗಕ್ಕೆ ಬದಲಿ ಉಂಟು, ಮನುಷ್ಯನಿಗಿಲ್ಲ

(ಬೆಳಗಾವಿಯ ವಡಗಾವಿಯಲ್ಲಿ ನೇಕಾರ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣ. ಖಾನಾಪುರದ ಸಭೆಯಲ್ಲಿ ಅವರು ಆಡಿದ ಕೆಲವು ಮಾತುಗಳನ್ನೂ ಇದರಲ್ಲಿ ಸೇರಿಸಿದೆ. – ಸಂ.)



ಪಕ್ಷದ ವೇದಿಕೆಯ ಮೇಲೆ ನಿಂತವನು ನೂಲಿನ ದರದ ಬಗ್ಗೆ ಮಾತಾಡಬೇಕು, ವಿದ್ಯುತ್ ಬಿಲ್ಲಿನ ಬಗ್ಗೆ ಮಾತಾಡಬೇಕು, ಅಂಗಡಿಕಾರನ ಕೊರಳಿಗೆ ಬಿದ್ದಿರುವ ಬಡ್ಡಿಯ ಬಗ್ಗೆ ಮಾತಾಡಬೇಕು ಎಂಬುದು ವಾಡಿಕೆ. ಇಂದು ನಾನು ಆ ಮೂರನ್ನೂ ಬದಿಗಿಟ್ಟು ಮನೆಯೊಳಗಿನ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಇದೇನು ಹೆಂಗಸರ ಮಾತು, ಸಭೆಯಲ್ಲಿ ಆಡುವಂಥದ್ದೇ ಎಂದು ಯಾರಿಗಾದರೂ ಅನ್ನಿಸಿದರೆ ಅರ್ಧ ಗಂಟೆ ತಾಳಿಕೊಂಡು ಕೇಳಬೇಕು. ಆಮೇಲೆ ಎದ್ದು ನಿಂತು ಬೈಯಲು ಅವರಿಗೆ ಪೂರ್ಣ ಸ್ವಾತಂತ್ರ್ಯ ಉಂಟು.

ಗಿರಣಿಯ ಕೆಲಸ ಬಲ್ಲವರಿಗೆ ‘ಬದಲಿ’ ಎಂಬ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಪ್ಪ ವರ್ಷಗಟ್ಟಲೆ ಬದಲಿಯಾಗಿ ದುಡಿದವನು. ಬೆಳಗಿನ ಪಾಳಿಗೆ ಮುಂಚೆ ಗೇಟಿನ ಮುಂದೆ ನಿಲ್ಲುವುದು, ಒಳಗಿನ ಕಾಯಂ ಕೆಲಸಗಾರ ಬಾರದಿದ್ದರೆ ಆ ದಿನ ಅವನ ಮಗ್ಗದ ಮುಂದೆ ಹೋಗುವುದು, ಅವನು ಬಂದರೆ ಬರಿಗೈಯಲ್ಲಿ ಮನೆಗೆ ತಿರುಗುವುದು. ಅದು ಒಳ್ಳೆಯ ಪದ್ಧತಿ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ನಡೆದ ಅನ್ಯಾಯ ನಮ್ಮ ಮನೆಯವರಿಗೆ ಗೊತ್ತು. ಆದರೆ ಧಣಿ ಆ ವ್ಯವಸ್ಥೆಯನ್ನು ಏಕೆ ಕಟ್ಟಿದ? ಒಬ್ಬ ಮನುಷ್ಯ ಬಾರದೆ ಇದ್ದ ಮಾತ್ರಕ್ಕೆ ಮಗ್ಗ ನಿಲ್ಲಬಾರದು ಎಂದು. ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ತಿದ್ದುಪಡಿ ಮಾಡಿದಾಗ ‘ಬದಲಿ ಕಾರ್ಮಿಕ’ ಎಂದರೆ ಯಾರು ಎಂಬುದನ್ನು ಕಾಯ್ದೆಯಲ್ಲೇ ಬರೆದರು. ಕಬ್ಬಿಣದ ಯಂತ್ರವೊಂದು ಒಂದು ಪಾಳಿ ಸುಮ್ಮನಿರುವುದನ್ನು ಈ ಸಮಾಜ ಸಹಿಸಲಾರದು.

ಹಾಸಿಗೆ ಹಿಡಿದ ಮನುಷ್ಯನೊಬ್ಬ ಇದ್ದಾನೆ. ಅವನನ್ನು ಎಬ್ಬಿಸಿ ಕೂರಿಸುವವಳು ಇಂದು ಬರಲಿಲ್ಲ. ಅವನಿಗೆ ಬದಲಿ ಎಲ್ಲಿ?

ಇದು ನನ್ನ ಅಣ್ಣನ ಪ್ರಶ್ನೆ. ಅವನೇ ಒಂದು ದಿನ ಛಾವಣಿಯನ್ನು ನೋಡುತ್ತ ನನ್ನನ್ನು ಕೇಳಿದ. ಅವನು ಈ ವಡಗಾವಿಯಲ್ಲೇ ಪಾವರ್‌ಲೂಮಿನ ಕೆಲಸದಲ್ಲಿದ್ದವನು. ನೂಲಿನ ಗಂಟು ಇಳಿಸುವಾಗ ಲಾರಿಯ ಮೇಲಿಂದ ಬಿದ್ದ. ಕುತ್ತಿಗೆಯ ಎಲುಬು ಮುರಿಯಿತು, ಬೆನ್ನುಹುರಿಗೆ ಪೆಟ್ಟಾಯಿತು. ತೋಳು ಸ್ವಲ್ಪ ಆಡುತ್ತದೆ, ಬೆರಳು ಮಡಚುವುದಿಲ್ಲ, ಎದೆಯಿಂದ ಕೆಳಗೆ ಅರಿವಿಲ್ಲ. ಶೆಡ್ಡಿನಲ್ಲಿ ಹತ್ತು ಜನರಿಗಿಂತ ಕಡಿಮೆ ಇದ್ದುದರಿಂದ ಇ.ಎಸ್.ಐ. ಇರಲಿಲ್ಲ. ಅದರ ಕಥೆ ಬೇರೆ, ಇನ್ನೊಂದು ದಿನ ಹೇಳುತ್ತೇನೆ.

ಅಂಥ ಮನುಷ್ಯನ ಒಂದು ದಿನ ಹೇಗೆ ಸಾಗುತ್ತದೆ ಎಂಬುದು ಆರೋಗ್ಯವಂತರಿಗೆ ತಿಳಿಯದು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಅಷ್ಟೇ. ಇಲ್ಲದಿದ್ದರೆ ಟೊಂಕದ ಕೆಳಗಿನ ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿದಾಗ ಆ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಯಿತೆಂದೇ ತಿಳಿಯಬೇಕು. ಅದು ಕೆಲವೇ ದಿನಗಳಲ್ಲಿ ಎಲುಬು ಕಾಣುವಷ್ಟು ಆಳವಾಗಬಲ್ಲದು, ಮಾಯಲು ತಿಂಗಳುಗಟ್ಟಲೆ ಬೇಕು. ಮೂತ್ರದ ನಳಿಗೆ ಎಲ್ಲಿಯೂ ಮಡಚಿಕೊಳ್ಳದಂತೆ ನೋಡಬೇಕು. ಅದು ಕಟ್ಟಿಕೊಂಡರೆ ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವನಿಗೆ ರಕ್ತದ ಒತ್ತಡ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ. ತಕ್ಷಣ ಎತ್ತಿ ಕೂರಿಸಿ, ನಳಿಗೆ ನೇರಮಾಡಿ, ಚೀಲ ಖಾಲಿ ಮಾಡಬೇಕು. ಇಳಿಯದಿದ್ದರೆ ದವಾಖಾನೆಗೆ ಓಡಬೇಕು. ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣ ಹೋಗುವ ಸಂಭವವುಂಟು. ಇದನ್ನು ಬಲ್ಲ ಒಬ್ಬರು ಸದಾ ಮನೆಯಲ್ಲಿರಬೇಕು.

ನಾವೂ ಎಲ್ಲರಂತೆ ಒಂದು ಏಜೆನ್ಸಿಗೆ ಹೋದೆವು. ಅದರ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಉಳಿದವು ಸಾಚಾ ಎಂದಾಗುತ್ತದೆ. ಮೊದಲು ನೋಂದಣಿ ಹಣ, ಆಮೇಲೆ ತಿಂಗಳಿಗೆ 15,000. ಅತ್ತಿಗೆ ಹೊಲಿಗೆಯ ಮಶೀನು ತುಳಿದು, ನಾನು ಅಲ್ಲಿಲ್ಲಿ ಕೈಗಡ ತಂದು ತುಂಬಿದೆವು. ಮೊದಲ ಮೂರು ತಿಂಗಳಲ್ಲಿ ಐದು ಜನ ಬಂದು ಹೋದರು. ಒಬ್ಬಾಕೆ ಎರಡನೇ ದಿನವೇ ನಿಂತಳು. ಒಬ್ಬ ಹುಡುಗ ಮೂತ್ರದ ಚೀಲವನ್ನು ಅದುವರೆಗೆ ಕಂಡವನೇ ಅಲ್ಲ, ಮಧ್ಯಾಹ್ನ ಊಟಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಪ್ರತಿ ಸಲವೂ ಫೋನಿನಲ್ಲಿ ಒಂದೇ ಉತ್ತರ: ನಾಳೆ ಕಳಿಸುತ್ತೇವೆ.

ಆರನೆಯವಳು ನಿಂತಳು. ಖಾನಾಪುರ ತಾಲೂಕಿನ ಹೆಣ್ಣುಮಗಳು, ಜಾಂಬೋಟಿಯ ಆಚೆಯ ಹಳ್ಳಿಯವಳು. ಮನೆಮಾತು ಮರಾಠಿ. ಗಡಿಯ ಜಗಳದಲ್ಲಿ ಗಂಟಲು ಹರಿದುಕೊಳ್ಳುವ ಎರಡೂ ಕಡೆಯ ಮಿತ್ರರಿಗೆ ಒಂದು ಮಾತು ಹೇಳುತ್ತೇನೆ: ಎಂಬತ್ತು ಕಿಲೋ ಭಾರದ ಮನುಷ್ಯನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತುವಾಗ ‘ಒಂದು, ಎರಡು, ಮೂರು’ ಎಂದರೂ ಸರಿ, ‘ಏಕ್, ದೋನ್, ತೀನ್’ ಎಂದರೂ ಸರಿ, ಇಬ್ಬರೂ ಒಟ್ಟಿಗೆ ಎತ್ತಬೇಕು ಅಷ್ಟೇ. ಆಕೆ ವಾರದ ಆರು ದಿನ ಬೆಳಗಾವಿಯಲ್ಲಿ ತನ್ನ ನೆಂಟರ ಮನೆಯಲ್ಲಿ ಉಳಿದು, ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದಳು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಹೀಗೆ ಬಂದುಹೋಗುವುದು ಆಕೆಗೆ ಸಾಧ್ಯವಾಗಿತ್ತು.

ಜುಲೈ ತಿಂಗಳಿನ ಒಂದು ಸೋಮವಾರ ಆಕೆ ಬರಲಿಲ್ಲ. ಫೋನು ಹತ್ತಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಅತ್ತಿಗೆ ಒಬ್ಬಳೇ ರಾತ್ರಿ ಹಗಲು ಮಗ್ಗುಲು ಬದಲಿಸಿದಳು. ನಾಲ್ಕನೇ ರಾತ್ರಿ ಸೋತು ಮಲಗಿದವಳಿಗೆ ಎಚ್ಚರವಾಗಲಿಲ್ಲ. ಬೆಳಿಗ್ಗೆ ನೋಡಿದರೆ ಅಂಗೈ ಅಗಲದ ಕೆಂಪು. ನಾನು ಆ ವಾರ ಸಭೆಯ ಓಡಾಟದಲ್ಲಿದ್ದೆ. ಶ್ರಮಿಕರ ಹಕ್ಕಿನ ಬಗ್ಗೆ ಮೂರು ಭಾಷಣ ಮಾಡಿ ಮನೆಗೆ ಬಂದವನು ಆ ಕೆಂಪನ್ನು ಕಂಡು, ಬಾರದಿದ್ದ ಆ ಹೆಣ್ಣುಮಗಳನ್ನು ಬಾಯಿಗೆ ಬಂದಂತೆ ಬೈದೆ. ನೀತಿಯಿಲ್ಲದವಳು, ಕೊಟ್ಟ ಸಂಬಳಕ್ಕೆ ನಿಯತ್ತಿಲ್ಲದವಳು ಎಂದೆ. ಆ ಮಾತುಗಳನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಕೇಳಿದ್ದು ಎಂದು ಆಮೇಲೆ ನೆನಪಾಯಿತು: ಪಗಾರ ಕಡಿಯುವಾಗ ಧಣಿ ಆಡುವ ಮಾತುಗಳು ಅವು.

ಭಾನುವಾರ ಮಳೆ ತುಸು ಹಿಂದೆಗೆಯಿತು. ಹೋಗಿ ಕೇಳಿಯೇ ಬರುತ್ತೇನೆಂದು ಹೊರಟೆ. ಮಳೆಗಾಲದಲ್ಲಿ ಆ ಕಡೆ ಹೋದವರಿಗೆ ಗೊತ್ತು. ಮಲಪ್ರಭೆ ಹುಟ್ಟುವುದು ಅಲ್ಲೇ ಕಣಕುಂಬಿಯಲ್ಲಿ. ಹಬ್ಬನಹಟ್ಟಿಯ ಮಾರುತಿ ಗುಡಿ ಹೊಳೆಯಲ್ಲಿ ಮುಳುಗುವ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. 2024ರ ಜುಲೈನಲ್ಲಿ ಅದೇ ತಾಲೂಕಿನ ಅಮಗಾವ್‌ನಿಂದ ಕಾಯಿಲೆಬಿದ್ದ ಹೆಂಗಸೊಬ್ಬಳನ್ನು ಊರವರು ಕಾಡಿನ ಹಾದಿಯಲ್ಲಿ ಮೈಲುಗಟ್ಟಲೆ ಹೆಗಲ ಮೇಲೆ ಹೊತ್ತು ತಂದುದನ್ನು ನೀವೂ ಓದಿದ್ದೀರಿ. ನಾನು ಹೋದ ಹಳ್ಳಿಗೆ ಆರು ದಿನದಿಂದ ಬಸ್ಸಿರಲಿಲ್ಲ, ಕರೆಂಟಿರಲಿಲ್ಲ. ಕರೆಂಟು ಇಲ್ಲದ ಮೇಲೆ ಫೋನಿಗೆ ಜೀವ ಎಲ್ಲಿಂದ ಬರಬೇಕು?

ಆಕೆಯ ಮನೆಯ ಪಡಸಾಲೆಯಲ್ಲಿ ಒಬ್ಬ ಮುದುಕಿ ಮಲಗಿದ್ದಳು. ಲಕ್ವ ಹೊಡೆದು ಎರಡು ವರ್ಷ. ಆಕೆಯ ಅತ್ತೆ. ಪಕ್ಕದಲ್ಲಿ ಒಂದು ಹುಡುಗಿ ಕುಳಿತು ಗಂಜಿ ಕುಡಿಸುತ್ತಿದ್ದಳು. ವಯಸ್ಸು ಹನ್ನೊಂದೋ ಹನ್ನೆರಡೋ. ಶಾಲೆ ಯಾವುದವ್ವಾ ಎಂದು ಕೇಳಿದೆ, ಮೇಷ್ಟ್ರಾಗಿದ್ದವನ ಬಾಯಿಂದ ಬರುವುದೇ ಆ ಪ್ರಶ್ನೆ. ಹುಡುಗಿ ತಾಯಿಯ ಮುಖ ನೋಡಿತು. ತಾಯಿ ಬೆಳಗಾವಿಗೆ ದುಡಿಯಲು ಹೋದ ದಿನದಿಂದ ಅಜ್ಜಿಯನ್ನು ನೋಡಿಕೊಳ್ಳಲು ಅವಳು ಶಾಲೆ ಬಿಟ್ಟಿದ್ದಳು.

ಬಂಧುಗಳೇ, ನಾನು ಎಂಟು ವರ್ಷ ಹಾಜರಿ ಪುಸ್ತಕ ಬರೆದವನು. ಎಷ್ಟೋ ಹೆಣ್ಣುಮಕ್ಕಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು, ಗೈರು, ಗೈರು ಎಂದು ಬರೆದಿದ್ದೇನೆ. ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಒಂದು ಸಲವೂ ಹೋಗಿ ನೋಡಲಿಲ್ಲ. ಆ ಹುಡುಗಿಯ ಮುಂದೆ ನಿಂತಾಗ ನನಗೆ ಲೆಕ್ಕ ತಿಳಿಯಿತು. ನನ್ನ ಅಣ್ಣನನ್ನು ಎತ್ತಲು ಆಕೆ ಬರುತ್ತಾಳೆ. ಆಕೆಯ ಅತ್ತೆಯನ್ನು ಎತ್ತಲು ಆ ಮಗು ಕೂರುತ್ತದೆ. ಬದಲಿ ಇಲ್ಲವೆಂದು ನಾವು ಗೋಳಾಡುತ್ತಿದ್ದೆವಲ್ಲ, ಬದಲಿ ಇದ್ದಳು. ಹನ್ನೊಂದು ವರ್ಷದವಳು, ಪಗಾರವಿಲ್ಲದವಳು.

ಇನ್ನೊಂದು ವಿಷಯವೂ ಅಂದೇ ತಿಳಿಯಿತು. ನಾವು ಕೊಡುತ್ತಿದ್ದ 15,000ದಲ್ಲಿ ಆಕೆಯ ಕೈಗೆ ಸೇರುತ್ತಿದ್ದುದು 9,000. ಬಾರದ ಆರು ದಿನಗಳ ಹಣವನ್ನು ಏಜೆನ್ಸಿ ಆಕೆಯ ಲೆಕ್ಕದಲ್ಲಿ ಕಡಿಯಿತು, ನಮ್ಮ ಲೆಕ್ಕದಲ್ಲಿ ಕಡಿಯಲಿಲ್ಲ. ಮಳೆ ಬಂದರೂ ಲಾಭ, ಬಿಸಿಲು ಬಿದ್ದರೂ ಲಾಭ. ಹಳೆಯ ಗಿರಣಿಯ ಮುಕಾದಮನೂ ನಾಚಬೇಕು.

ಒಂದು ಹೋಲಿಕೆ ಕೊಡುತ್ತೇನೆ. ಬ್ಯಾಂಕಿನ ಬಾಗಿಲಿಗೆ ಕಾವಲುಗಾರನನ್ನು ಒದಗಿಸುವ ಏಜೆನ್ಸಿಗೆ 2005ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ಮಾಡಿತು. ಪರವಾನಗಿ ಬೇಕು, ಕಾವಲುಗಾರನಿಗೆ ತರಬೇತಿ ಬೇಕು, ಅವನ ಪೂರ್ವಾಪರ ವಿಚಾರಿಸಿರಬೇಕು. ತಿಜೋರಿಗೆ ಇಷ್ಟು ರಕ್ಷಣೆ! ಜೀವಂತ ಮನುಷ್ಯನ ಮೈ ಮುಟ್ಟುವವರನ್ನು ಮನೆಗೆ ಕಳಿಸುವ ಏಜೆನ್ಸಿಗೆ ಅಂಥ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ.

ಹಾಗಾದರೆ ಸರ್ಕಾರ ಏನೂ ಬರೆದಿಲ್ಲವೇ? ಬರೆದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ‘ಆರೈಕೆದಾರ’ ಎಂಬ ಶಬ್ದಕ್ಕೆ ಅರ್ಥ ಕೊಟ್ಟಿದ್ದಾರೆ: ಹಣ ಪಡೆದು ಮಾಡುವವರೂ ಹೌದು, ಹಣವಿಲ್ಲದೆ ಮಾಡುವ ತಂದೆತಾಯಿ, ಮನೆಮಂದಿಯೂ ಹೌದು. 24ನೇ ಕಲಮಿನಲ್ಲಿ, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡಬಹುದೆಂದು ಇದೆ. ಆದರೆ ಕಲಮಿನ ಆರಂಭದಲ್ಲೇ ಒಂದು ಬೀಗ ಹಾಕಿದ್ದಾರೆ: ಸರ್ಕಾರ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಇದನ್ನು ಮಾಡತಕ್ಕದ್ದು. ಆ ಮಿತಿ ಎಷ್ಟು ಇಕ್ಕಟ್ಟಾದುದು ನೋಡಿ. ಕೇಂದ್ರದ ಅಂಗವಿಕಲ ಪಿಂಚಣಿಯಲ್ಲಿ ದಿಲ್ಲಿಯ ಪಾಲು ತಿಂಗಳಿಗೆ 300 ರೂಪಾಯಿ, 2012ರಲ್ಲಿ ನಿಗದಿಯಾದ ಮೊತ್ತ. ರಾಜ್ಯ ಸರ್ಕಾರದ ಕಡೆಯಿಂದ ಅಣ್ಣನಿಗೆ ಬರುವುದು 1,400. 2024ರ ಮುಂಗಡಪತ್ರದಲ್ಲಿ ಕರ್ನಾಟಕ ಸರ್ಕಾರ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ ಮೊದಲಾದ ತೊಂದರೆಗಳುಳ್ಳ ತೀವ್ರ ಅಂಗವಿಕಲರ ಆರೈಕೆದಾರರಿಗೆ ತಿಂಗಳಿಗೆ 1,000 ಕೊಡುವುದಾಗಿ ಸಾರಿತು. ಮೊತ್ತ ಸಣ್ಣದು, ಪಟ್ಟಿ ಇನ್ನೂ ಸಣ್ಣದು. ಲಾರಿಯಿಂದ ಬಿದ್ದವನು ಆ ಪಟ್ಟಿಯಲ್ಲಿಲ್ಲ. ಆದರೂ ಮನೆಯಲ್ಲಿ ಮಾಡುವ ಈ ಕೆಲಸಕ್ಕೆ ದುಡ್ಡು ಸಲ್ಲಬೇಕೆಂದು ಸರ್ಕಾರದ ಬಾಯಿಂದಲೇ ಒಂದು ಸಲ ಬಂತಲ್ಲ, ಅದನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ನಮ್ಮೂರಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವನ್ನು ನೀವೆಲ್ಲ ನೋಡಿದ್ದೀರಿ. ಸೇವೆಯಲ್ಲಿ ಗಾಯಗೊಂಡು ನೂರಕ್ಕೆ ನೂರು ಅಂಗವಿಕಲನಾದ ಸೈನಿಕನಿಗೆ, ಸದಾ ಒಬ್ಬರು ಜೊತೆಗಿರಬೇಕಾದ ಸ್ಥಿತಿ ಇದ್ದರೆ, ಪಿಂಚಣಿಯ ಜೊತೆಗೆ ನಿರಂತರ ಪರಿಚಾರಕ ಭತ್ಯೆ ಎಂದು ಪ್ರತ್ಯೇಕವಾಗಿ ಕೊಡುತ್ತಾರೆ. ಅದು ನ್ಯಾಯ. ಅದನ್ನು ಕಂಡು ಹೊಟ್ಟೆಕಿಚ್ಚು ಪಡುವವರು ನಾವಲ್ಲ. ಆದರೆ ಬೆನ್ನೆಲುಬು ಮುರಿದಾಗ ಗುಂಡಿನಿಂದ ಮುರಿಯಿತೋ ನೂಲಿನ ಗಂಟಿನಿಂದ ಮುರಿಯಿತೋ ಎಂದು ಹಾಸಿಗೆಹುಣ್ಣು ಕೇಳುವುದಿಲ್ಲ.

ಈ ಕೆಲಸಕ್ಕೆ ಇಷ್ಟು ಕಡಿಮೆ ಬೆಲೆ ಏಕೆ ಬಂತು ಎಂಬುದನ್ನೂ ನೋಡಬೇಕು. ಮಲಮೂತ್ರ ಮುಟ್ಟುವ ಕೆಲಸ ಕೀಳು ಜಾತಿಯದು ಎಂದು ಒಂದು ಕಡೆ. ಮನೆಯೊಳಗಿನ ಚಾಕರಿ ಹೆಂಗಸಿನದು, ಅದಕ್ಕೆಂಥ ಕೂಲಿ ಎಂದು ಇನ್ನೊಂದು ಕಡೆ. ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಅಂಗವಿಕಲರನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರಿಗೆ 1976ರಲ್ಲಿ ಭತ್ಯೆ ತಂದರು. ಮದುವೆಯಾದ ಹೆಂಗಸಿಗೆ ಮಾತ್ರ ಇಲ್ಲವೆಂದರು. ಅವಳು ಹೇಗೂ ಮನೆಯಲ್ಲೇ ಇರುವವಳಲ್ಲವೇ ಎಂಬುದು ವಾದ! ತಾಯಿಯನ್ನು ನೋಡಿಕೊಳ್ಳುತ್ತಿದ್ದ ಜಾಕ್ವೆಲಿನ್ ಡ್ರೇಕ್ ಎಂಬಾಕೆ ದಾವೆ ಹೂಡಿ ಯುರೋಪಿನ ನ್ಯಾಯಾಲಯದ ತನಕ ಹೋದಳು. 1986ರಲ್ಲಿ ಆಕೆ ಗೆದ್ದ ಮೇಲೆ ಮದುವೆಯಾದ ಹೆಂಗಸರಿಗೂ ಹಣ ಬಂತು.

ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮನೆಮನೆಗೆ ಹೋಗಿ ಅಂಗವಿಕಲರನ್ನೂ ಮುದುಕರನ್ನೂ ನೋಡಿಕೊಳ್ಳುವವರು ಸುಮಾರು 74,000 ಜನ 1999ರಲ್ಲಿ ಮತ ಹಾಕಿ ಸಂಘ ಸೇರಿದರು. ಅವರಿಗಿದ್ದ ತೊಡಕು ನಮ್ಮದೇ: ಪಗಾರದ ಹಣ ಸರ್ಕಾರದ್ದು, ಕೆಲಸ ಮನೆಯಲ್ಲಿ, ಧಣಿ ಯಾರೆಂದು ಕೇಳಿದರೆ ಯಾರೂ ಇಲ್ಲ. ಕೊನೆಗೆ ಒಂದು ಸಾರ್ವಜನಿಕ ಪ್ರಾಧಿಕಾರವನ್ನೇ ಮಾತುಕತೆಗೆ ಧಣಿಯಾಗಿ ನಿಲ್ಲಿಸಿದರು. ಆದರೆ ತನ್ನ ಮೈ ಮುಟ್ಟುವವರು ಯಾರು ಎಂದು ಆರಿಸುವ, ಬೇಡವೆನ್ನುವ ಹಕ್ಕು ಅಂಗವಿಕಲನ ಕೈಯಲ್ಲೇ ಉಳಿಯಿತು. ಅದಕ್ಕಾಗಿ ಕಾರ್ಮಿಕರೂ ಅಂಗವಿಕಲರ ಸಂಘಟನೆಗಳೂ ಕೂಡಿ ಕೆಲಸ ಮಾಡಿದ್ದರು. ನಮ್ಮ ಪಕ್ಕದ ಕೇರಳದಲ್ಲಿ 2008ರಿಂದ ಸರ್ಕಾರದ ಧೋರಣೆಯಾಗಿಯೇ, ಪಂಚಾಯತಿಯ ಹಣದಲ್ಲಿ, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುತ್ತಾಳೆ. ಅದು ಹುಣ್ಣು ಕಟ್ಟಲು, ನಳಿಗೆ ಬದಲಿಸಲು; ದಿನವಿಡೀ ಕೂರಲು ಅಲ್ಲ. ಅಷ್ಟಾದರೂ ಇದೆ.

ಇಲ್ಲಿ ಏನು ಸಾಧ್ಯ? ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳು ಶೇಕಡಾ 5ರಷ್ಟು ಹಣವನ್ನು ಅಂಗವಿಕಲರಿಗೆಂದು ಎತ್ತಿಡಬೇಕೆಂಬ ನಿಯಮವಿದೆ. ತ್ರಿಚಕ್ರ ವಾಹನ ಹಂಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಬೇಡಿಕೆ ಇಷ್ಟೇ: ಬೆಳಗಾವಿ ಮಹಾನಗರ ಪಾಲಿಕೆಯೂ ಖಾನಾಪುರದ ಪಟ್ಟಣ ಪಂಚಾಯತಿಯೂ ಆ ಹಣದಲ್ಲಿ ಕೆಲವು ಜನ ಬದಲಿ ಆರೈಕೆದಾರರನ್ನು ಪಗಾರದ ಮೇಲೆ ಇಟ್ಟುಕೊಳ್ಳಲಿ. ಗೇಟಿನ ಮುಂದೆ ಬರಿಗೈಯಲ್ಲಿ ಕಾಯುವ ಬದಲಿಯಲ್ಲ. ಕರೆ ಬರಲಿ ಬಾರದಿರಲಿ ತಿಂಗಳ ಪಗಾರವಿರುವ ಬದಲಿ. ಯಾವ ಮನೆಗೆ ಆರೈಕೆದಾರಳು ಬರಲಿಲ್ಲವೋ ಆ ಮನೆಗೆ ಅಂದೇ ಒಬ್ಬರು ಹೋಗಬೇಕು. ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂದು ಅವರಿಗೆ ಗೊತ್ತು. ಪಟ್ಟಿ ಅವರ ಕೈಯಲ್ಲಿರಲಿ, ಅವರ ಗೌರವಧನವೂ ಪಗಾರವಾಗಲಿ. ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ಇದೇನೂ ಅದಕ್ಕೆ ಹೊಸ ವಿದ್ಯೆಯಲ್ಲ.

ಸರ್ಕಾರ ಏಳುವ ತನಕ ಹುಣ್ಣು ಕಾಯುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ನಾವು ಮಾಡಿಕೊಂಡುದನ್ನು ಹೇಳುತ್ತೇನೆ, ಉಪಯೋಗವಾದರೆ ತೆಗೆದುಕೊಳ್ಳಿರಿ.

ಏಜೆನ್ಸಿಯನ್ನು ಬಿಟ್ಟೆವು. ಆಕೆಯೊಡನೆ ನೇರವಾಗಿ ಮಾತಾಡಿದೆವು. ಒಬ್ಬರ ಮೇಲೆ ಭಾರ ಹಾಕದೆ, ಇದೇ ಗಲ್ಲಿಯ ಇನ್ನೊಬ್ಬ ಹೆಂಗಸನ್ನು ಸಂಜೆಯ ನಾಲ್ಕು ತಾಸಿಗೆ ಸೇರಿಸಿಕೊಂಡೆವು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುತ್ತದೆ. ವಾರಕ್ಕೊಂದು ರಜೆ, ಅದಲ್ಲದೆ ತಿಂಗಳಿಗೆ ಎರಡು ದಿನ ಪಗಾರ ಕಡಿಯದ ರಜೆ. ಪ್ರತಿಯಾಗಿ ನಾವು ಕೇಳಿದ್ದು ಒಂದೇ: ಬಾರದಿದ್ದರೆ ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಬೇಕು. ಇದರಿಂದಾದಷ್ಟು ಅನುಕೂಲ ಬೇರೆ ಯಾವುದರಿಂದಲೂ ಆಗಲಿಲ್ಲ. ರಜೆ ಕೇಳಿದರೆ ಹಣ ಹೋಗುತ್ತದೆಂದು ತಿಳಿದವರು ಹೇಳದೆ ತಪ್ಪಿಸಿಕೊಳ್ಳುತ್ತಾರೆ, ನಾವೂ ಶೆಡ್ಡಿನಲ್ಲಿ ಅದನ್ನೇ ಮಾಡಿದ್ದೇವೆ. ಮಳೆಗಾಲದ ಎರಡು ತಿಂಗಳು ಆಕೆ ಊರಿಗೆ ಹೋಗುವ ಶನಿವಾರ ನಾನು ಬೇರೆ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದೆವು, ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ. ಎಷ್ಟು ಗಂಟೆಗೆ ಯಾವ ಮಗ್ಗುಲು, ಚೀಲ ಯಾವಾಗ, ತಲೆ ಸಿಡಿದರೆ ಮೊದಲು ಏನು. ಹೊಸಬರು ಬಂದರೂ ಅಣ್ಣ ಮತ್ತೆ ಮೊದಲಿನಿಂದ ತನ್ನ ಮೈಯ ಗುಟ್ಟೆಲ್ಲ ಹೇಳಿಕೊಳ್ಳಬೇಕಾಗಿಲ್ಲ. ಅದನ್ನು ಬರೆದುಕೊಟ್ಟವನು ನಾನು, ಬರೆಸಿದವನು ಅವನು. ಮೊದಲ ಸಲ ನಾನು ಅವನನ್ನು ಕೇಳದೆ ಬರೆದಿದ್ದೆ. ‘ನನ್ನ ಹಾಳೆ, ನನ್ನನ್ನು ಬಿಟ್ಟು ಬರೆದೆಯಲ್ಲ’ ಎಂದು ಹರಿಸಿದ.

ಇನ್ನು ಗಂಡಸರ ಮಾತು. ಎತ್ತುವುದನ್ನು, ಮಗ್ಗುಲು ಬದಲಿಸುವುದನ್ನು, ಒರೆಸುವುದನ್ನು ನಾನೂ ಕಲಿತೆ. ಮೊದಲ ದಿನ ನನಗೆ ಹೇಸಿಗೆಯಾಯಿತು, ಮುಚ್ಚಿಡುವುದಿಲ್ಲ. ಹತ್ತು ದಿನದ ಮೇಲೆ ಆಗಲಿಲ್ಲ. ಖಡೇಬಜಾರಿನ ವ್ಯಾಪಾರಿ ಮಿತ್ರರೊಬ್ಬರಿದ್ದಾರೆ. ತಾಯಿ ಆರು ವರ್ಷದಿಂದ ಮಲಗಿದ್ದಾಳೆ. ಆರೈಕೆಯವಳು ತಡಮಾಡಿದ ದಿನ ಅಂಗಡಿಯ ಬಾಗಿಲು ಹನ್ನೊಂದಕ್ಕೆ ತೆರೆಯುತ್ತದೆ, ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ಆದರೂ ಅವರು ಅದನ್ನು ಯಾರಿಗೂ ಹೇಳುವುದಿಲ್ಲ, ವ್ಯಾಪಾರ ಕುಂದಿದೆ ಎನ್ನುತ್ತಾರೆ. ನೆರೆಯವನಿಗೆ ಹತ್ತು ಸಾವಿರದ ಉದ್ರಿ ಕೊಡುವವರು ಒಂದು ತಾಸಿನ ನೆರವು ಕೇಳಲು ನಾಚುತ್ತಾರೆ.

ಆ ಹುಡುಗಿಯ ಬಗ್ಗೆ ಕೇಳುತ್ತೀರಿ. ಆಕೆಯ ಊರಿನಲ್ಲಿ ಇಬ್ಬರು ನೆರೆಯ ಹೆಂಗಸರು ಹಗಲು ಹೊತ್ತು ಮುದುಕಿಯ ಕಡೆ ನೋಡಲು ಒಪ್ಪಿದ್ದಾರೆ. ಅವರಿಗೆ ಸ್ವಲ್ಪ ಹಣ ನಮ್ಮ ಕಡೆಯಿಂದಲೇ ಹೋಗುತ್ತದೆ. ಹುಡುಗಿ ವಾರದಲ್ಲಿ ನಾಲ್ಕು ದಿನ ಶಾಲೆಗೆ ಹೋಗುತ್ತಾಳೆ. ಐದನೆಯ, ಆರನೆಯ ದಿನಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.

ಅಧ್ಯಕ್ಷರ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಎರಡು ಭಾಗ ಮಾಡಿದೆ. ಮನೆಯಲ್ಲಿ ಮಲಗಿದವರಿದ್ದರೆ ಮೊದಲ ಭಾಗದಲ್ಲಿ ಗಲ್ಲಿಯ ಹೆಸರು ಬರೆಯಿರಿ, ರೋಗದ ಹೆಸರು ಬೇಕಾಗಿಲ್ಲ. ಎತ್ತಲು, ಕೂರಲು ಬರುವವರು ಎರಡನೇ ಭಾಗದಲ್ಲಿ ಹೆಸರು ಮತ್ತು ಪಾಳಿ ಬರೆಯಿರಿ. ಎರಡನೇ ಪಾಳಿಯವರು ಬೆಳಿಗ್ಗೆ ಸಿಗುತ್ತಾರೆ, ಮೊದಲ ಪಾಳಿಯವರು ಸಂಜೆ ಸಿಗುತ್ತಾರೆ. ಕಲಿಸಲು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬನ್ನಿರಿ. ಅಣ್ಣನೇ ಕಲಿಸುತ್ತಾನೆ, ತನ್ನ ಮೈಮೇಲೆ. ಆರು ಜನರಿಗಿಂತ ಹೆಚ್ಚು ಒಮ್ಮೆಗೆ ಬೇಡ, ಕೋಣೆ ಸಣ್ಣದು.